ವಿಜಯಪುರ, ಬಾಗಲಕೋಟೆ, ಬೆಳಗಾವಿ ಯೋಗ ಕ್ಲಾಸುಗಳು: ಬೋರ್ಡಿನ ಮೇಲಿನ ಹೆಸರಿಗೆ ಅರ್ಥ ಏನು, ಯಾವುದು ಯಾರಿಗೆ?

ಗುಮ್ಮಟದೂರು (ವಿಜಯಪುರ)

ಎಲ್ಲರಿಗೂ ನಮಸ್ಕಾರ್ರಿ. ಮನೆಯ ಮೂವರು ಯೋಗ ಕ್ಲಾಸಿಗೆ ಸೇರಬೇಕು. ಅವ್ವನಿಗೆ 62 ವರ್ಷ, ಎರಡೂ ಮೊಣಕಾಲು ನೋವು, ಬಿಪಿ ಗುಳಿಗೆ ನಡೆದಿದೆ. ಅಣ್ಣನಿಗೆ 38, ದಿನಕ್ಕೆ ಒಂಬತ್ತು ತಾಸು ಕಂಪ್ಯೂಟರ್ ಮುಂದೆ ಕೂತು ಟೊಂಕ ಹಿಡಿಯುತ್ತದೆ. ತಂಗಿಗೆ 19, ಕಾಲೇಜಿನಲ್ಲಿ ಖೋ-ಖೋ ಆಡುತ್ತಾಳೆ.

ಬೋರ್ಡುಗಳಲ್ಲಿ ಕಾಣುವ ಹೆಸರು: ಹಠಯೋಗ, ಅಯ್ಯಂಗಾರ್ ಪದ್ಧತಿ, ಅಷ್ಟಾಂಗ ವಿನ್ಯಾಸ, ಪವರ್ ಯೋಗ, 108 ಸೂರ್ಯ ನಮಸ್ಕಾರ, ಪ್ರಾಣಾಯಾಮ ಶಿಬಿರ. ಕೇಳಿದರೆ "ಎಲ್ಲಾ ಒಂದ ರೀ, ಬರ್ರಿ" ಅನ್ನುತ್ತಾರೆ. ನಿಜವಾಗಿಯೂ ಒಂದೇ? ಫೀ ಕಟ್ಟುವ ಮೊದಲು ಏನು ನೋಡಬೇಕು? ಬಲ್ಲವರು ಬಿಡಿಸಿ ಹೇಳಿದರೆ ಉಪಕಾರ.

ಮುಂಜಾನೆ_ತಿಳಕವಾಡಿ (ಬೆಳಗಾವಿ)

ಒಂದೇ ಅಲ್ಲ ರೀ. ಹಠಯೋಗ ಅನ್ನುವುದು ಮನೆತನದ ಹೆಸರಿದ್ದ ಹಾಗೆ, ಉಳಿದವು ಅದರ ಮಕ್ಕಳು. ಬೋರ್ಡಿನ ಮೇಲೆ ಬರೀ "ಹಠಯೋಗ" ಎಂದಿದ್ದರೆ ಬಹುತೇಕ ಕಡೆ ಅದರ ಅರ್ಥ ಹೀಗೆ: ಒಂದು ತಾಸು, ಮೊದಲ ಹತ್ತು ನಿಮಿಷ ಕೀಲು ಸಡಿಲಿಕೆ, ನಾಲ್ಕಾರು ಸೂರ್ಯ ನಮಸ್ಕಾರ, ಹತ್ತು ಹನ್ನೆರಡು ಆಸನ, ಕೊನೆಗೆ ಪ್ರಾಣಾಯಾಮ, ಶವಾಸನ. ಜೂನ್ 21ರಂದು ಮೈದಾನಗಳಲ್ಲಿ ಮಾಡಿಸುವ 45 ನಿಮಿಷದ ಸಾಮಾನ್ಯ ಯೋಗ ಶಿಷ್ಟಾಚಾರ ಇದೇ ಜಾತಿಯದು. ತಾಡಾಸನ, ವೃಕ್ಷಾಸನದಿಂದ ಶುರುವಾಗಿ ಭ್ರಾಮರಿ, ಧ್ಯಾನಕ್ಕೆ ಮುಗಿಯುತ್ತದೆ. ಹೊಸಬರಿಗೆ ಒಳ್ಳೆಯ ಆರಂಭ. ಆದರೆ ನೋವಿದ್ದವರಿಗೆ ಅದರಲ್ಲಿ ಅರ್ಧದಷ್ಟನ್ನು ಬದಲಿಸಿ ಮಾಡಿಸಬೇಕಾಗುತ್ತದೆ.

ಅಯ್ಯಂಗಾರ್ ಮತ್ತು ಅಷ್ಟಾಂಗ ವಿನ್ಯಾಸ ಎರಡೂ ನಮ್ಮ ರಾಜ್ಯದವೇ. 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರ ಯೋಗಶಾಲೆ ಶುರುವಾಯಿತು. ಹಾಸನ ಜಿಲ್ಲೆಯ ಕೌಶಿಕದ ಕೆ. ಪಟ್ಟಾಭಿ ಜೋಯಿಸ್, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಇಬ್ಬರೂ ಅವರ ಶಿಷ್ಯರು. ಜೋಯಿಸರು ಮೈಸೂರಿನಲ್ಲೇ ಉಳಿದು 1948ರಲ್ಲಿ ತಮ್ಮ ಸಂಸ್ಥೆ ಕಟ್ಟಿದರು. ಅಯ್ಯಂಗಾರರು ಪುಣೆಗೆ ಹೋದದ್ದರ ಹಿಂದೆ ಬೆಳಗಾವಿಯ ನಂಟಿದೆ. ಇಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ.ಬಿ. ಗೋಖಲೆಯವರು ನಿವೃತ್ತರಾಗಿ ಪುಣೆಯಲ್ಲಿ ನೆಲೆಸಿದ ಮೇಲೆ, 1937ರಲ್ಲಿ ಅವರನ್ನು ಅಲ್ಲಿಗೆ ಕಲಿಸಲು ಕರೆಸಿಕೊಂಡರು. ಆಗ ಅಯ್ಯಂಗಾರರಿಗೆ 18 ವರ್ಷ. ಬೆಳಗಾವಿಯವರಿಗೇ ಈ ಸಂಗತಿ ಗೊತ್ತಿರುವುದಿಲ್ಲ, ಅದಕ್ಕೇ ಬರೆದೆ.

ಒಬ್ಬ ಗುರು, ಎರಡು ದಾರಿ. ಜೋಯಿಸರ ಪದ್ಧತಿಯಲ್ಲಿ ಉಸಿರಿನ ಎಣಿಕೆಗೆ ಮೈ ಚಲಿಸುತ್ತಲೇ ಇರಬೇಕು. ಅಯ್ಯಂಗಾರರದರಲ್ಲಿ ಒಂದು ಆಸನದೊಳಗೆ ನಿಂತು ಎಲುಬು, ಕೀಲು, ಚರ್ಮದ ತನಕ ಪರೀಕ್ಷೆ ಮಾಡಬೇಕು. ಟೊಂಕ ಹಿಡಿದ ನಿಮ್ಮ ಅಣ್ಣ ಮೊದಲ ದಿನವೇ ಚಲಿಸುವ ಕ್ಲಾಸಿಗೆ ಹೋದರೆ ನೋವು ಹೆಚ್ಚುತ್ತದೆ. ಖೋ-ಖೋ ಆಡುವ ತಂಗಿ ನಿಲ್ಲುವ ಕ್ಲಾಸಿಗೆ ಹೋದರೆ ಆರಂಭದಲ್ಲಿ ಬೇಸರ ಬಂದೀತು, ಆದರೆ ಲಾಭವಿದೆ. ಅವ್ವನ ವಿಚಾರಕ್ಕೆ ಬಾಗಲಕೋಟೆಯವರು ಬರೆಯಲಿ, ಅವರ ಕೈ ಅದರಲ್ಲಿ ಪಳಗಿದೆ.

ಬೀಸೋಕಲ್ಲು (ನವನಗರ, ಬಾಗಲಕೋಟೆ)

ಬರೀತೀನ್ರಿ. ಅವ್ವಾರಿಗೆ ಪವನಮುಕ್ತಾಸನದ ಮೊದಲನೇ ಭಾಗ ಮಾಡಿಸೋ ಕ್ಲಾಸ್ ಹುಡುಕ್ರಿ. ಮುಂಗೇರಿನ ಬಿಹಾರ ಯೋಗ ವಿದ್ಯಾಲಯದ ಸ್ವಾಮಿ ಸತ್ಯಾನಂದ ಸರಸ್ವತಿ ಅವರು ಜೋಡಿಸಿಕೊಟ್ಟ ಕ್ರಮ ಅದು. ಹೆಸರು ಕೇಳಿ ಒಂದ ಆಸನ ಅನ್ಕೋಬ್ಯಾಡ್ರಿ, ಮೂರು ಭಾಗದ ದೊಡ್ಡ ಸರಣಿ ಐತಿ. ಮೊದಲನೇದು ಕೀಲುಗಳಿಗೆ, ಎರಡನೇದು ಹೊಟ್ಟಿಗೆ, ಮೂರನೇದು ಟೊಂಕ ಬೆನ್ನಿಗೆ. ಮೂರನೇದರಾಗ ಚಕ್ಕಿ ಚಾಲನ ಅಂತ ಬರತೈತಿ, ಬೀಸೋ ಕಲ್ಲು ತಿರುವಿದಂಗ. ಇಲ್ಲಿಯ ಹೆಣ್ಣಮಕ್ಕಳಿಗೆ ಅದನ್ನ ಕಲಿಸೋದ ಬ್ಯಾಡ, ಹೆಸರು ಹೇಳಿದ್ರ ಸಾಕು.

ಮೊಣಕಾಲಿಗೆ ಬೇಕಾದದ್ದು ಮೊದಲನೇ ಭಾಗದಾಗ ಐತಿ:

ಕಾಲ್ಬೆರಳು ಮುಂದ–ಹಿಂದ ಬಾಗಿಸೋದು 10 ಸಲ. ಪಾದದ ಕೀಲು ಮುಂದ–ಹಿಂದ 10 ಸಲ, ಆಮ್ಯಾಲ ಸುತ್ತ ತಿರುಗಿಸೋದು ಎರಡೂ ಕಡೆ ಹತ್ತ್ಹತ್ತು. ಇದಾದ ಮ್ಯಾಲ ಖರೇ ಕೆಲಸ: ಮೊಣಕಾಲಿನ ಚಿಪ್ಪು ಮ್ಯಾಲಕ್ಕ ಎಳಿಯೋದು. ಕಾಲು ಚಾಚಿ ಕುಂತು, ಮೊಣಕಾಲಿನ ಕೆಳಗ ಸುತ್ತಿದ ಟವೆಲ್ ಇಡ್ರಿ. ಮೊಣಕಾಲಿನ ಹಿಂಬದಿಯಿಂದ ಟವೆಲ್ಲನ್ನ ನೆಲಕ್ಕ ಒತ್ತಿದ್ರ ತೊಡಿ ಮುಂದಿನ ಸ್ನಾಯು ಬಿಗಿಯಾಗಿ ಚಿಪ್ಪು ತಾನ ಮ್ಯಾಲ ಸರೀತೈತಿ. ಐದು ಎಣಿಸೋತನಕ ಹಿಡದು ಬಿಡ್ರಿ. ಒಂದೊಂದು ಕಾಲಿಗೆ 10 ಸಲ, ಮುಂಜಾನೆ ಸಂಜಿ. ತೊಡಿ ಗಟ್ಟಿ ಆದಷ್ಟು ಮೊಣಕಾಲಿನ ಮ್ಯಾಲಿನ ಭಾರ ಕಡಿಮಿ ಆಗತೈತಿ. ಅಷ್ಟ ರೀ ಗುಟ್ಟು.

ಎಲ್ಲಿ ಕೆಡತೈತಿ ಅಂದ್ರ, ನೆಲದ ಮ್ಯಾಲ ಕುಂಡ್ರಿಸಿದಾಗ. ಮೊಣಕಾಲು ನೋವಿದ್ದವರಿಗೆ ಆಸನಕ್ಕಿಂತ ನೆಲದಿಂದ ಏಳೋದ ಕಷ್ಟ. ಹಾಸಿಗಿ ಅಂಚಿಗೆ ಇಲ್ಲಾ ಕೈ ಇಲ್ಲದ ಗಟ್ಟಿ ಕುರ್ಚಿ ಮ್ಯಾಲ ಕುಂತು ಇದೆಲ್ಲಾ ಮಾಡಬಹುದು. ಎರಡನೇದು ವಜ್ರಾಸನ, ಅಂದ್ರ ಮೊಣಕಾಲು ಮಡಚಿ ಹಿಮ್ಮಡಿ ಮ್ಯಾಲ ಕುಂಡ್ರೋದು. "ಊಟ ಆದಮ್ಯಾಲೂ ಮಾಡಬಹುದಾದ ಆಸನ" ಅಂತ ಹೇಳಿ ಎಲ್ಲಾರನ್ನೂ ಹತ್ತು ನಿಮಿಷ ಕುಂಡ್ರಿಸ್ತಾರ. ಸವದ ಮೊಣಕಾಲಿಗೆ ಅದು ಬ್ಯಾಡ. "ನನಗ ಆಗಂಗಿಲ್ರಿ" ಅಂತ ಅವ್ವಾರು ಧೈರ್ಯವಾಗಿ ಹೇಳಬೇಕು. ಹೇಳಿದ ಮ್ಯಾಲೂ ಒತ್ತಾಯ ಮಾಡಿದ್ರ ಆ ಕ್ಲಾಸ್ ಬಿಡ್ರಿ.

ಕೌದಿ_ಮಡಿಕೆ (ಬೆಳಗಾವಿ)

ಅಯ್ಯಂಗಾರ್ ಕ್ಲಾಸಿನ ಒಳಗೆ ಏನಾಗುತ್ತದೆ ಅನ್ನುವುದಕ್ಕೆ ತ್ರಿಕೋನಾಸನ ಒಂದನ್ನೇ ತೆಗೆದುಕೊಳ್ಳೋಣ. ಬೇರೆ ಕಡೆ ಅದು ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಇಲ್ಲಿ ಮೊದಲ ವಾರ ಇಪ್ಪತ್ತು ನಿಮಿಷ ಹಿಡಿದರೂ ಆಶ್ಚರ್ಯವಿಲ್ಲ.

ಪಾದಗಳ ನಡುವೆ ಮೂರರಿಂದ ಮೂರೂವರೆ ಅಡಿ. ಬಲಪಾದ ಪೂರ್ತಿ ಹೊರಗೆ, ಎಡಪಾದ ಸ್ವಲ್ಪ ಒಳಗೆ. ಬಲ ಹಿಮ್ಮಡಿಯಿಂದ ಗೆರೆ ಎಳೆದರೆ ಎಡ ಅಂಗಾಲಿನ ಕಮಾನಿಗೆ ತಾಗಬೇಕು. ಕೈಗಳನ್ನು ಚಾಚಿ ಬಲಕ್ಕೆ ಬಾಗುವುದು. ಇಲ್ಲಿ ಮೂರು ತಪ್ಪು ಸದಾ ಕಾಣುತ್ತವೆ.

ಮೊದಲನೆಯದು ಕೈಯನ್ನು ನೆಲಕ್ಕೆ ಮುಟ್ಟಿಸುವ ಹಟ. ಮುಟ್ಟಿಸಲು ಹೋದೊಡನೆ ಎದೆ ನೆಲದ ಕಡೆ ತಿರುಗುತ್ತದೆ, ಟೊಂಕದ ಬಲಗಡೆ ಚಿವುಟಿದಂತಾಗುತ್ತದೆ. ಪರಿಹಾರ ಒಂದು ಇಟ್ಟಿಗೆ, ಪಾದದ ಹಿಂದೆ ನಿಲ್ಲಿಸಿ. ಒಂಬತ್ತು ಇಂಚಿನ ಎತ್ತರ ಸಿಗುತ್ತದೆ. ಎರಡನೆಯದು ಬಲ ಮೊಣಕಾಲು ಒಳಕ್ಕೆ ವಾಲುವುದು. ಮೊಣಕಾಲಿನ ಚಿಪ್ಪು ಪಾದದ ಎರಡನೇ ಬೆರಳು ನೋಡಿದ ದಿಕ್ಕನ್ನೇ ನೋಡಬೇಕು. ಇದನ್ನು ತಿದ್ದದೆ ವರ್ಷಗಟ್ಟಲೆ ಮಾಡಿದವರ ಮೊಣಕಾಲು ಹಾಳಾಗುತ್ತದೆ, ಬೈಗುಳ ಮಾತ್ರ ಯೋಗಕ್ಕೆ. ಮೂರನೆಯದು ಮೈ ಸಡಿಲವಿದ್ದವರ ತಪ್ಪು. ಅವರ ಮೊಣಕಾಲು ಹಿಂದಕ್ಕೆ ಬಿಲ್ಲಿನಂತೆ ಬಾಗುತ್ತದೆ. ಅಂಥವರು ಹೆಬ್ಬೆರಳಿನ ಬುಡವನ್ನು ನೆಲಕ್ಕೆ ಒತ್ತಿ, ಕೂದಲೆಳೆಯಷ್ಟು ಮೊಣಕಾಲು ಸಡಿಲಿಸಿ ನಿಲ್ಲಬೇಕು.

ಮನೆಯಲ್ಲಿ ಪರೀಕ್ಷಿಸಲು ಗೋಡೆಗೆ ಬೆನ್ನು ಕೊಟ್ಟು ಮಾಡಿ. ಎರಡೂ ಭುಜ, ಪೃಷ್ಠ ಗೋಡೆಗೆ ತಾಗಿದ್ದರೆ ಸರಿ. ಪ್ರತಿ ಕಡೆ 20–30 ಸೆಕೆಂಡ್, ಎರಡು ಸಲ.

ಇನ್ನೊಂದು ಗುರುತು: ಈ ಪದ್ಧತಿಯ ಕ್ಲಾಸಿನಲ್ಲಿ ತಿಂಗಳನ್ನು ವಾರವಾರು ಹಂಚಿರುತ್ತಾರೆ. ಮೊದಲ ವಾರ ನಿಲ್ಲುವ ಆಸನ, ಮುಂದೆ ಬಾಗುವವು, ಹಿಂದೆ ಬಾಗುವವು, ಕೊನೆಯ ವಾರ ವಿಶ್ರಾಂತಿ ಮತ್ತು ಪ್ರಾಣಾಯಾಮ. ಪ್ರಾಣಾಯಾಮವನ್ನು ಮೊದಲ ದಿನವೇ ಕೊಡುವುದಿಲ್ಲ. ಬೆನ್ನು ನೆಟ್ಟಗೆ ನಿಲ್ಲದವನಿಗೆ ಉಸಿರು ನಿಲ್ಲುವುದಿಲ್ಲ ಅನ್ನುವುದು ಅವರ ನಂಬಿಕೆ. ಇದನ್ನು ನಾನೂ ಪೂರ್ತಿ ಒಪ್ಪುತ್ತೇನೆ.

ಮಲಪ್ರಭಾ_ದಂಡೆ (ಬೆಳಗಾವಿ ಜಿಲ್ಲೆ)

108 ಸೂರ್ಯ ನಮಸ್ಕಾರದ ಬೋರ್ಡಿನ ಬಗ್ಗೆ ಯಾರೂ ಬರೆದಿಲ್ಲ. ಮೊದಲು ಎಣಿಕೆ ಕೇಳಿ, ಯಾಕೆಂದರೆ "ಒಂದು ನಮಸ್ಕಾರ" ಅನ್ನುವುದೇ ಎಲ್ಲ ಕಡೆ ಒಂದಲ್ಲ.

ಸಾಮಾನ್ಯ ಕ್ಲಾಸಿನಲ್ಲಿ 12 ಹಂತಕ್ಕೆ ಒಂದು. ಬಿಹಾರ ಪದ್ಧತಿಯಲ್ಲಿ ಬಲಗಾಲಿನಿಂದ 12, ಎಡಗಾಲಿನಿಂದ 12, ಒಟ್ಟು 24 ಹಂತಕ್ಕೆ ಒಂದು ಪೂರ್ಣ ಸುತ್ತು. ಪಟ್ಟಾಭಿ ಜೋಯಿಸರದರಲ್ಲಿ ಎ ಕ್ರಮಕ್ಕೆ 9 ವಿನ್ಯಾಸ (ಉಸಿರಿಗೊಂದು ನಡೆ), ಬಿ ಕ್ರಮಕ್ಕೆ 17. ಅದರಲ್ಲಿ ಎದೆ–ಮೊಣಕಾಲು–ಗದ್ದ ಊರುವ ಅಷ್ಟಾಂಗ ನಮಸ್ಕಾರ ಬರುವುದಿಲ್ಲ, ಅಂಗೈ, ಕಾಲ್ಬೆರಳ ಮೇಲೆ ಮೈಯನ್ನು ನೆಲಕ್ಕೆ ಸಮನಾಗಿ ತಡೆದು ಹಿಡಿಯುವ ಚತುರಂಗ ದಂಡಾಸನ ಬರುತ್ತದೆ. ಈಗಿನ ಮಹಾರಾಷ್ಟ್ರದಲ್ಲಿದ್ದ ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿಯವರು ಹರಡಿದ ಕ್ರಮಕ್ಕೆ 10 ಹಂತ. ಔಂಧ್ ಅಂದರೆ ದೂರದ್ದಲ್ಲ, ವಿಜಯಪುರ ಜಿಲ್ಲೆಯ ಗುಣದಾಳ ಅದೇ ಸಂಸ್ಥಾನಕ್ಕೆ ಸೇರಿತ್ತು. ಅವರು ಅದನ್ನು ಆಸನವೆಂದಲ್ಲ, ದಂಡದಂತೆ ದಿನನಿತ್ಯದ ವ್ಯಾಯಾಮವೆಂದು ಶಾಲೆಗಳಲ್ಲಿ ಮಾಡಿಸಿದರು. ನಮ್ಮ ಗರಡಿಮನೆಯ ದಂಡ–ಬೈಠಕ್ ಬಲ್ಲವರಿಗೆ ಅದರ ನಡೆ ಕೂಡಲೇ ಗುರುತು ಸಿಗುತ್ತದೆ.

ಹೀಗಾಗಿ "ನಾವು 24 ಹಾಕ್ತೀವಿ" ಅಂದರೆ ಒಂದು ಕಡೆಯ 24 ಇನ್ನೊಂದು ಕಡೆಯ 48 ಆಗಬಹುದು.

108ರ ಲೆಕ್ಕ: ಒಂದಕ್ಕೆ 40 ಸೆಕೆಂಡ್ ಹಿಡಿದರೂ 72 ನಿಮಿಷ. ರಥಸಪ್ತಮಿಯಂದು ಸಂಕಲ್ಪ ಮಾಡಿ ಹಾಕುವವರು ಎರಡು ತಿಂಗಳು ಮುಂಚೆಯೇ ಶುರು ಮಾಡಬೇಕು. 12ರಿಂದ ಆರಂಭಿಸಿ ವಾರಕ್ಕೆ ಆರಾರು ಏರಿಸಿ, 50–60 ಸಲೀಸಾದ ಮೇಲೆ ಮಾತ್ರ 108ಕ್ಕೆ ಕೈ ಹಾಕಿ. ದಣಿದಾಗ ಮೊದಲು ಕೆಡುವುದು ಭುಜಂಗಾಸನ. ಕೈ ನೆಟ್ಟಗೆ ಮಾಡಿ ಟೊಂಕದಿಂದಲೇ ಮುರಿದು ನಿಲ್ಲುತ್ತಾರೆ, ಭುಜ ಕಿವಿಗೆ ಏರಿರುತ್ತದೆ. ಹೊಕ್ಕುಳ ನೆಲ ಬಿಡದಷ್ಟೇ ಏರಿ, ಮೊಣಕೈ ಸ್ವಲ್ಪ ಮಡಿಚಿರಲಿ.

ಮುಂಜಾನೆ_ತಿಳಕವಾಡಿ (ಬೆಳಗಾವಿ)

@ಮಲಪ್ರಭಾ_ದಂಡೆ ಸರ್, ಚತುರಂಗದ ವಿಷಯ ಎತ್ತಿದ್ದು ಒಳ್ಳೆಯದಾಯಿತು. ತಂಗಿಗೆ ಅಷ್ಟಾಂಗ ವಿನ್ಯಾಸ ಹೊಂದುತ್ತದೆ, ಆದರೆ ಆ ಕ್ಲಾಸಿನಲ್ಲಿ ಚತುರಂಗ ತಪ್ಪಾಗಿ ಮಾಡಿದರೆ ಭುಜಕ್ಕೆ ಗಾಯ ಆಗುತ್ತದೆ. ಮೈ ಇಳಿಸುವಾಗ ಭುಜ ಮೊಣಕೈಗಿಂತ ಕೆಳಗೆ ಇಳಿಯಬಾರದು. ಮೊಣಕೈ ಪಕ್ಕೆಗೆ ಅಂಟಿರಬೇಕು, ಮೊಣಕೈ ಕೋನ 90 ಡಿಗ್ರಿಯಲ್ಲಿ ನಿಲ್ಲಬೇಕು. ಕೆಳಗೆ ಕುಸಿದರೆ ಭುಜದ ಮುಂಭಾಗದಲ್ಲಿ ಚುಚ್ಚುವ ನೋವು ಶುರು. ಒಂದು ಕ್ಲಾಸಿನಲ್ಲಿ ಇದು ಮೂವತ್ತು ನಲವತ್ತು ಸಲ ಬರುವುದರಿಂದ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ತೋಳಿನಲ್ಲಿ ಬಲ ಬರುವ ತನಕ ಮೊಣಕಾಲು ಊರಿ ಇಳಿಯಲಿ, ಅವಮಾನವಿಲ್ಲ.

ಎರಡನೇ ಗಾಯ ತೊಡೆಯ ಹಿಂದೆ, ಕೂರುವ ಎಲುಬಿನ ಹತ್ತಿರ. ಕಾಲು ಚಾಚಿ ಕೂತು ಮುಂದೆ ಬಾಗುವ ಪಶ್ಚಿಮೋತ್ತಾನಾಸನದಲ್ಲಿ ದಿನಾ ಎಳೆದೆಳೆದು ಆಗುತ್ತದೆ. ಅದು "ಚೊಲೊ ಎಳೆತ" ಅಲ್ಲ. ಎಳೆತ ತೊಡೆಯ ನಡುಭಾಗದಲ್ಲಿ ಗೊತ್ತಾಗಬೇಕು, ಎಲುಬಿಗೆ ಅಂಟಿದ ಜಾಗದಲ್ಲಿ ಅಲ್ಲ. ಅಲ್ಲಿ ನೋವು ಬಂದರೆ ಕೆಲವು ವಾರ ಮೊಣಕಾಲು ಮಡಿಚಿಯೇ ಬಾಗಬೇಕು.

ಮೈಸೂರು ಶೈಲಿ ಅಂದರೆ ಬೇರೇನಲ್ಲ: ಎಲ್ಲರಿಗೂ ಒಂದೇ ಹೊತ್ತಿನ ಕೂಗಿಲ್ಲ. ತಮ್ಮ ತಮ್ಮ ಹೊತ್ತಿಗೆ ಬಂದು ಕಲಿತಷ್ಟನ್ನು ತಮ್ಮ ಉಸಿರಿಗೆ ಮಾಡುತ್ತಾರೆ, ಗುರುಗಳು ಸುತ್ತಾಡಿ ತಿದ್ದುತ್ತಾರೆ. ಹೊಸಬರಿಗೆ ಮೊದಲ ದಿನ ಎರಡು ಸೂರ್ಯ ನಮಸ್ಕಾರ, ಕೊನೆಯ ಕೂರುವ ಆಸನ, ವಿಶ್ರಾಂತಿ, ಅಷ್ಟೇ. ಅದು ಕೂತ ಮೇಲೆ ಮುಂದಿನದು. "ಏಕಂ, ದ್ವೇ, ತ್ರೀಣಿ" ಎಂದು ಎಣಿಸಿ ಎಲ್ಲರನ್ನೂ ಒಟ್ಟಿಗೆ ಮಾಡಿಸುವುದು ಇನ್ನೊಂದು ಬಗೆ. ಹೊಸಬರು ಮೊದಲನೆಯದಕ್ಕೇ ಹೋಗಬೇಕು. ಹುಣ್ಣಿಮೆ, ಅಮಾವಾಸ್ಯೆಗೆ ರಜೆ. "ರಜೆ ಭಾಳ" ಎಂದು ಫೀ ಜಗಳ ತೆಗೆಯಬೇಡಿ, ಅದು ಪದ್ಧತಿಯ ಭಾಗ.

ತಂಗಿಗೆ ಒಂದು ಮಾತು: ಮ್ಯಾಚಿನ ದಿನ ದೀರ್ಘ ಎಳೆತದ ಆಸನ ಬೇಡ. ಸ್ನಾಯು ಸಡಿಲಾಗಿ ಓಟದ ಚುರುಕು ತಗ್ಗುತ್ತದೆ. ಆಟ ಮುಗಿದ ಮೇಲೆ ಮಾಡಲಿ.

ಗುಮ್ಮಟದೂರು (ವಿಜಯಪುರ)

ಎಲ್ಲರಿಗೂ ಶರಣು. ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ. ಒಂದು ಶಿಬಿರದವರು ಅವ್ವನಿಗೆ "ಕಪಾಲಭಾತಿ ಹದಿನೈದು ನಿಮಿಷ ಮಾಡ್ರಿ, ಮೂರು ತಿಂಗಳಿಗೆ ಬಿಪಿ ಗುಳಿಗೆ ಬಿಡಿಸ್ತೀವಿ" ಅಂದಿದ್ದಾರೆ. ಇದು ಸರಿಯೇ?

ಇಡಾ_ಪಿಂಗಳಾ (ಬಾಗಲಕೋಟೆ)

ಸರಿಯಲ್ಲ. ಖಂಡಿತ ಸರಿಯಲ್ಲ. ಆ ಶಿಬಿರಕ್ಕೆ ಅವ್ವನವರನ್ನು ಕಳಿಸಬೇಡಿ.

ಕಪಾಲಭಾತಿ ಹಠಯೋಗದ ಷಟ್ಕರ್ಮಗಳಲ್ಲಿ ಒಂದು, ಶುದ್ಧಿಕ್ರಿಯೆ. ಕಿಬ್ಬೊಟ್ಟೆಯನ್ನು ಒಳಕ್ಕೆ ಝಾಡಿಸಿ ಉಸಿರು ಹೊರಗೆ ಹಾಕುವುದು, ಒಳ ಉಸಿರು ತಾನಾಗಿ ಬರಲು ಬಿಡುವುದು. ಆರೋಗ್ಯವಂತ ಹೊಸಬರಿಗೆ ಒಂದು ಸುತ್ತಿಗೆ 20, ನಡುವೆ ವಿರಾಮ ಕೊಟ್ಟು ಮೂರು ಸುತ್ತು, ಸೆಕೆಂಡಿಗೆ ಒಂದಕ್ಕಿಂತ ವೇಗ ಬೇಡ. ಬಿಪಿ ಹತೋಟಿಯಲ್ಲಿ ಇಲ್ಲದವರು, ಹೃದಯದ ತೊಂದರೆ, ಹರ್ನಿಯಾ, ಗ್ಲಾಕೋಮಾ, ಮೂರ್ಛೆರೋಗ ಇದ್ದವರು, ಗರ್ಭಿಣಿಯರು, ಇತ್ತೀಚೆಗೆ ಹೊಟ್ಟೆಯ ಆಪರೇಷನ್ ಆದವರು ಮಾಡಬಾರದು. ತಪ್ಪು ಎಲ್ಲಿ ಅಂದರೆ, ಜೋರು ಮಾಡುವ ಭರದಲ್ಲಿ ಭುಜ ಕುಣಿಯುತ್ತದೆ, ಮುಖ ಗಂಟಾಗುತ್ತದೆ, ಒಳ ಉಸಿರನ್ನೂ ಜೋರಾಗಿ ಎಳೆಯುತ್ತಾರೆ. ಆಗ ಅದು ಕಪಾಲಭಾತಿ ಉಳಿಯದೆ ಭಸ್ತ್ರಿಕೆ ಆಗುತ್ತದೆ, ತಲೆ ತಿರುಗುತ್ತದೆ. ತಿರುಗಿದ ತಲೆಯನ್ನು "ಶಕ್ತಿ ಎದ್ದಿತು" ಅನ್ನುವವರೂ ಇದ್ದಾರೆ. ಅದು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತಗ್ಗಿದ್ದರ ಲಕ್ಷಣ, ಕೂಡಲೇ ನಿಲ್ಲಿಸಬೇಕು.

ಅವ್ವನವರಿಗೆ ಬೇಕಾದದ್ದು ಎರಡೇ. ಒಂದು, ಕುರ್ಚಿಯ ಮೇಲೆ ನೆಟ್ಟಗೆ ಕೂತು ಅನುಲೋಮ–ವಿಲೋಮ, ಅಂದರೆ ಒಂದೊಂದೇ ಹೊಳ್ಳೆಯಿಂದ ಸರದಿಯ ಉಸಿರಾಟ: ನಾಲ್ಕು ಎಣಿಕೆಗೆ ಒಳಗೆ, ನಾಲ್ಕಕ್ಕೆ ಹೊರಗೆ. ಎರಡು ವಾರ ಕಳೆದು ಸಲೀಸಾದರೆ ನಾಲ್ಕಕ್ಕೆ ಒಳಗೆ, ಆರರಿಂದ ಎಂಟಕ್ಕೆ ಹೊರಗೆ. ಉಸಿರು ಹಿಡಿಯುವುದು ಬೇಡವೇ ಬೇಡ. ಒಂದು–ನಾಲ್ಕು–ಎರಡರ (ಒಳಗೆ–ಹಿಡಿಯುವುದು–ಹೊರಗೆ) ಅನುಪಾತವನ್ನು ಯಾರಾದರೂ ಹೇಳಿದರೆ ಅದು ಅನೇಕ ವರ್ಷದ ಅಭ್ಯಾಸಿಗಳದ್ದು. ಮೂಗನ್ನು ಹೆಬ್ಬೆರಳಿನಿಂದ ಅದುಮಬಾರದು. ಹೊಳ್ಳೆ ಮುಚ್ಚುವಷ್ಟು ಮುಟ್ಟಿದರೆ ಸಾಕು, ಇಲ್ಲವಾದರೆ ಮೂಗಿನ ನಡುಗೋಡೆ ವಾರೆಯಾಗಿ ಇನ್ನೊಂದು ಹೊಳ್ಳೆಯೂ ಕಟ್ಟುತ್ತದೆ. ಎರಡು, ಭ್ರಾಮರಿ: ಬಾಯಿ ಮುಚ್ಚಿ, ಹಲ್ಲುಗಳ ನಡುವೆ ಸಂದು ಬಿಟ್ಟು, ಉಸಿರು ಹೊರಹೋಗುವಾಗ ದುಂಬಿಯ ನಾದ. ಏಳು ಸಲ. ನಾದ ಗಂಟಲಿನಿಂದ ಬಂದರೆ ಕೆಮ್ಮು ಬರುತ್ತದೆ. ತುಟಿ, ಮೂಗಿನ ಬೇರಿನಲ್ಲಿ ಕಂಪನ ಗೊತ್ತಾಗಬೇಕು.

ಇದರಿಂದ ಬಿಪಿ ಕೆಲವು ಅಂಕಿ ಇಳಿಯಬಹುದು. ಇಳಿದರೆ ಗುಳಿಗೆ ಕಡಿಮೆ ಮಾಡುವುದು ಡಾಕ್ಟರು, ಯೋಗ ಶಿಕ್ಷಕರಲ್ಲ. ಗುಳಿಗೆ ಬಿಡಿಸುತ್ತೇವೆ ಎಂದು ಕರಾರು ಮಾಡುವವರಿಂದ ಪಾರ್ಶ್ವವಾಯುವಿನ ಅಪಾಯವಿದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಬಂದರೆ ಕಿಸೆಯಲ್ಲಿ ಸಕ್ಕರೆಯೋ ಬೆಲ್ಲವೋ ಇರಲೇಬೇಕು. ಬೆವರು, ನಡುಕ ಬಂದರೆ ಕೂಡಲೇ ಬಾಯಿಗೆ.

ಬೀಸೋಕಲ್ಲು (ನವನಗರ, ಬಾಗಲಕೋಟೆ)

ಅಕ್ಕಾರ ಮಾತಿಗೆ ನನ್ನ ಮಾತೂ ಕೂಡಿಸ್ರಿ. ಆದ್ರ ಒಂದು: ಬಿಪಿ ಪೂರ್ತಿ ಹತೋಟಿಯಾಗಿದ್ದವರಿಗೆ ನಿಧಾನಕ್ಕ, ನಿಮಿಷಕ್ಕ 30ರಂಗ, ಕಪಾಲಭಾತಿ ಕೊಡಬಹುದು ಅಂತ ಕೆಲವರು ಹೇಳ್ತಾರ.

ಇಡಾ_ಪಿಂಗಳಾ (ಬಾಗಲಕೋಟೆ)

ಕೊಡಬಹುದು ಅಣ್ಣಾ, ಎದುರಿಗೆ ಒಬ್ಬರನ್ನೇ ಕೂಡಿಸಿಕೊಂಡು ನೋಡುವ ಶಿಕ್ಷಕರಿದ್ದರೆ. ಐವತ್ತು ಮಂದಿಯ ಶಿಬಿರದಲ್ಲಿ ಮೈಕಿನಲ್ಲಿ ಎಣಿಸುವಾಗ ನಿಧಾನ ಯಾರದು, ಜೋರು ಯಾರದು ಗೊತ್ತಾಗುವುದಿಲ್ಲ. ಅವ್ವನವರ ವಿಷಯದಲ್ಲಿ ಬೇಡ ಅನ್ನುವುದಕ್ಕೇ ನಾನು ನಿಲ್ಲುತ್ತೇನೆ.

ಮುಂಜಾನೆ_ತಿಳಕವಾಡಿ (ಬೆಳಗಾವಿ)

ಇನ್ನು ಅಣ್ಣನ ಟೊಂಕ. ನೋವು ಕಾಲಿನುದ್ದಕ್ಕೂ ಪಾದದ ತನಕ ಇಳಿದು ಜೋಮು ಹಿಡಿಯುತ್ತಿದ್ದರೆ ಮೊದಲು ಡಾಕ್ಟರು, ಆಮೇಲೆ ಕ್ಲಾಸು. ಬರೀ ಕೂತು ಬಿಗಿದದ್ದಾದರೆ ಯೋಗ ನಿಜಕ್ಕೂ ಉಪಯೋಗ.

ಮುಂಜಾನೆ ಐದೂವರೆ ಬ್ಯಾಚಿನಲ್ಲಿ ಆಗುವ ತಪ್ಪೊಂದಿದೆ. ರಾತ್ರಿ ಮಲಗಿದಾಗ ಬೆನ್ನೆಲುಬಿನ ನಡುವಿನ ಗದ್ದಿಗೆಗಳು ನೀರು ಹೀರಿ ಉಬ್ಬಿರುತ್ತವೆ. ಎದ್ದ ಮೊದಲ ಒಂದು ತಾಸು ಮುಂದಕ್ಕೆ ಆಳವಾಗಿ ಬಾಗಿದರೆ ಅವುಗಳ ಮೇಲೆ ಒತ್ತಡ ಹೆಚ್ಚು. ಹೀಗಿರುವಾಗ ಹಾಸಿಗೆಯಿಂದೆದ್ದು ಬಂದವರಿಗೆ ನೇರ ಪಾದಹಸ್ತಾಸನ (ನಿಂತು ಬಾಗಿ ಪಾದ ಮುಟ್ಟುವುದು) ಮಾಡಿಸುವುದು ಟೊಂಕದವರಿಗೆ ಕೇಡು. ಅಣ್ಣ ಸಂಜೆ ಬ್ಯಾಚಿಗೆ ಹೋಗಲಿ, ಅಥವಾ ಮುಂಜಾನೆ ಮಕರಾಸನ, ಒಂದೊಂದು ಕಾಲಿನ ಶಲಭಾಸನ, ಸೇತುಬಂಧದಿಂದ ಶುರು ಮಾಡಲಿ. ಅಂಗಾತ ಮಲಗಿ ಪಟ್ಟಿಯಿಂದ ಒಂದು ಕಾಲು ಎತ್ತುವ ಸುಪ್ತ ಪಾದಾಂಗುಷ್ಠಾಸನ ಅವನಿಗೆ ನಿತ್ಯ ಬೇಕು. ಕಾಲು 60 ಡಿಗ್ರಿ ಏರಿದರೂ ಸಾಕು, ಕೆಳಗಿನ ಕಾಲು ನೆಲ ಬಿಡಬಾರದು. ಒಂದೊಂದು ಕಡೆ ಒಂದು ನಿಮಿಷ.

ತಲೆಯೊಳಗಿನ ಬಿಗಿಗೆ ಬೆಂಗಳೂರಿನ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಕಡೆಯಿಂದ ಬಂದ ಆವರ್ತನ ಧ್ಯಾನ ಚೊಲೊ. ಗೌಡಪಾದರ ಮಾಂಡೂಕ್ಯ ಕಾರಿಕೆಯ "ಲಯೇ ಸಂಬೋಧಯೇಚ್ಚಿತ್ತಂ" ಎಂಬ ಶ್ಲೋಕದ ಮೇಲೆ ಕಟ್ಟಿದ್ದು. ಜಡವಾದ ಮನಸ್ಸನ್ನು ಎಬ್ಬಿಸು, ಚದುರಿದ್ದನ್ನು ತಣಿಸು ಅನ್ನುವ ಅರ್ಥ. ಒಂದು ಆಸನ, ಒಂದು ವಿಶ್ರಾಂತಿ, ಹೀಗೆ ಸರದಿ. ಎಲ್ಲವೂ ಅತಿ ನಿಧಾನ. ಬರೀ ಕೂತು ಧ್ಯಾನ ಮಾಡಿದರೆ ನಿದ್ದೆ ಬರುವವರಿಗೆ ಇದು ಹೊಂದುತ್ತದೆ.

ಯೋಗನಿದ್ರೆ ಬೇರೆ. ಮಲಗಿಯೇ ಕೇಳುವುದು. ಸಂಕಲ್ಪ, ಬಲಗೈ ಹೆಬ್ಬೆರಳಿನಿಂದ ಶುರುವಾಗಿ ಮೈಯ ಒಂದೊಂದು ಭಾಗಕ್ಕೆ ಗಮನ, ಉಸಿರಿನ ಎಣಿಕೆ, ಮತ್ತೆ ಸಂಕಲ್ಪ, 20ರಿಂದ 40 ನಿಮಿಷ. ಗೊರಕೆ ಬಂದರೆ ಅದು ನಿದ್ರೆ, ಯೋಗನಿದ್ರೆ ಅಲ್ಲ. ಊಟವಾದ ಕೂಡಲೇ ಮಾಡಿದರೆ ಹಾಗಾಗುತ್ತದೆ.

ಗುಮ್ಮಟದೂರು (ವಿಜಯಪುರ)

ಪವರ್ ಯೋಗ ಅಂದರೆ? ಒಂದು ಕಡೆ ಬಾಗಿಲು, ಫ್ಯಾನು ಬಂದ್ ಮಾಡಿ "ಹಾಟ್ ಯೋಗ" ಅಂತಲೂ ನಡೆಸುತ್ತಾರೆ.

ಮಲಪ್ರಭಾ_ದಂಡೆ (ಬೆಳಗಾವಿ ಜಿಲ್ಲೆ)

ಪವರ್ ಯೋಗ ಅಷ್ಟಾಂಗ ವಿನ್ಯಾಸದಿಂದಲೇ ಬಿಡಿಸಿಕೊಂಡದ್ದು. ಗೊತ್ತಾದ ಅನುಕ್ರಮವಿಲ್ಲ, ಶಿಕ್ಷಕರು ಆ ದಿನಕ್ಕೆ ಜೋಡಿಸಿದ್ದೇ ಕ್ರಮ. ಬೆವರು ಬರುತ್ತದೆ, ಹೃದಯಕ್ಕೆ ವ್ಯಾಯಾಮ ಆಗುತ್ತದೆ. ಆದರೆ ಕಲಿತವರಿಗೆ ಮಾತ್ರ ಸರಿ, ಕಲಿಯುವವರಿಗಲ್ಲ.

ಹಾಟ್ ಯೋಗದ ಮೂಲ ರೂಪದಲ್ಲಿ ಎರಡು ಉಸಿರಾಟದ ಅಭ್ಯಾಸ ಸೇರಿ ಒಟ್ಟು 26 ಅಭ್ಯಾಸ, 90 ನಿಮಿಷ, ಕೋಣೆ ಸುಮಾರು 40 ಡಿಗ್ರಿ. ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳಿಗೆ ಹೊರಗೇ 40 ಡಿಗ್ರಿ ಇರುತ್ತದೆ. ಅಲ್ಲಿ ಫ್ಯಾನು ಬಂದ್ ಮಾಡುವುದರಲ್ಲಿ ಯಾವ ಲಾಭವೂ ಇಲ್ಲ, ನೀರು–ಉಪ್ಪು ಇಳಿದು ಕುಸಿದು ಬೀಳುವ ಅಪಾಯವಿದೆ. ಬಿಸಿಗೆ ಸ್ನಾಯು ಬೇಗ ಬಾಗುತ್ತದೆ, ಹೀಗಾಗಿ ಅಳತೆ ಮೀರಿ ಎಳೆದದ್ದು ಆಗ ಗೊತ್ತಾಗದೆ ಮರುದಿನ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಮುಂಜಾನೆ ಆರರೊಳಗೆ ಮುಗಿಯುವ ಬ್ಯಾಚ್ ಹಿಡಿಯಿರಿ, ಕೊನೆಗೆ ಶೀತಲಿ ಪ್ರಾಣಾಯಾಮ ಇರಲಿ: ನಾಲಿಗೆ ಕೊಳವೆ ಮಾಡಿ ಒಳಗೆ, ಮೂಗಿನಿಂದ ಹೊರಗೆ, ಒಂಬತ್ತು ಸಲ. ಧೂಳಿನ ರಸ್ತೆ ಪಕ್ಕದಲ್ಲಿ ಮಾತ್ರ ಬೇಡ, ಬಾಯಿಂದ ಎಳೆದ ಗಾಳಿ ಸೋಸಿರುವುದಿಲ್ಲ.

ಹೊಟ್ಟೆಯ ವಿಷಯ: ಊಟವಾಗಿ ನಾಲ್ಕು ತಾಸು, ತಿಂಡಿಯಾಗಿ ಎರಡು ತಾಸು. ಐದಕ್ಕೆ ಗಿರಮಿಟ್ಟು ಮಿರ್ಚಿ ತಿಂದು ಆರೂವರೆ ಬ್ಯಾಚಿಗೆ ಬಂದರೆ ಮುಂದೆ ಬಾಗಿದ ಕೂಡಲೇ ಹುಳಿ ಗಂಟಲಿಗೆ ಬರುತ್ತದೆ.

ಕೌದಿ_ಮಡಿಕೆ (ಬೆಳಗಾವಿ)

ಸಾಮಾನಿನ ಬಗ್ಗೆ ಬರೆಯುತ್ತೇನೆ, ಇದರಲ್ಲಿ ದುಡ್ಡು ಸುಮ್ಮನೆ ಹೋಗುತ್ತದೆ.

ಮ್ಯಾಟು 4ರಿಂದ 6 ಮಿಲಿಮೀಟರ್ ಸಾಕು. ಮೊಣಕಾಲಿಗೆ ಮೆತ್ತಗಿರಲೆಂದು 10 ಮಿಲಿಮೀಟರಿನದು ತಂದರೆ ವೃಕ್ಷಾಸನದಲ್ಲಿ ಪಾದ ಹೂತು ತೂಗಾಡುತ್ತದೆ. ಫರಸಿ ನೆಲದ ಮೇಲೆ ಜಮಖಾನೆಯನ್ನಷ್ಟೇ ಹಾಸಿ ನಿಲ್ಲುವ ಆಸನ ಮಾಡಬೇಡಿ, ಜಮಖಾನೆ ಸಮೇತ ಕಾಲು ಜಾರುತ್ತದೆ. ಬರಿಗಾಲಲ್ಲಿ ಬರೀ ಫರಸಿ ಮೇಲೆ ನಿಂತರೇ ಹಿಡಿತ ಹೆಚ್ಚು. ಬೆಳಗಾವಿಯ ಮಳೆಗಾಲದಲ್ಲಿ ಶವಾಸನಕ್ಕೆ ಮಾತ್ರ ಕೆಳಗೆ ಕಂಬಳಿ ಬೇಕೇ ಬೇಕು, ಇಲ್ಲವಾದರೆ ಬೆನ್ನು ತಣ್ಣಗಾಗಿ ಹಿಡಿಯುತ್ತದೆ.

ಭುಜದ ಮೇಲೆ ಭಾರ ಹಾಕಿ ಕಾಲು ಮೇಲೆತ್ತುವ ಸರ್ವಾಂಗಾಸನಕ್ಕೆ ಅಂಗಡಿಯ ಫೋಮು ಬೇಡ, ಮನೆಯ ಕೌದಿ ತೆಗೆಯಿರಿ. ಹಳೆ ಸೀರೆಗಳನ್ನು ಪದರು ಪದರಾಗಿ ಹೊಲಿದದ್ದರಿಂದ ಭಾರ ಬಿದ್ದರೂ ಕುಗ್ಗುವುದಿಲ್ಲ, ಹತ್ತಿಯಾದ್ದರಿಂದ ಜಾರುವುದಿಲ್ಲ. ಗಾದಿ, ದಿಂಬು ಕುಗ್ಗುತ್ತವೆ, ಕುಗ್ಗಿದಾಗ ಭಾರವೆಲ್ಲ ಕುತ್ತಿಗೆಗೆ. ಕೌದಿಯನ್ನು ಎರಡಡಿಗೆ ಎರಡೂವರೆ ಅಡಿ ಆಗುವಂತೆ ಮಡಿಚಿ, ಮೂರು ಇಂಚು ಎತ್ತರ ಬರುವ ತನಕ ಒಂದರ ಮೇಲೊಂದು ಇಡಿ. ಬಿಡಿ ಅಂಚುಗಳೆಲ್ಲ ಕಾಲಿನ ಕಡೆ, ಮಡಿಕೆಯ ದುಂಡು ಅಂಚು ಕುತ್ತಿಗೆಯ ಕಡೆ. ಭುಜದ ತುದಿ ಆ ಅಂಚಿನಿಂದ ಎರಡು ಬೆರಳು ಒಳಗೆ, ತಲೆ ಕೆಳಗೆ ನೆಲದ ಮೇಲೆ. ಹೀಗಿದ್ದಾಗ ಕುತ್ತಿಗೆಯ ಬುಡದ ಎಲುಬು ನೆಲಕ್ಕೆ ಒತ್ತುವುದಿಲ್ಲ. ಹೆಣ್ಣುಮಕ್ಕಳು ತುರುಬು ಬಿಚ್ಚಿರಬೇಕು, ಮೇಲೆ ಹೋದ ಮೇಲೆ ತಲೆ ಅತ್ತಿತ್ತ ತಿರುಗಿಸಲೇಬಾರದು.

ಇದು ತಂಗಿಗೆ, ಬೇಕಾದರೆ ಅಣ್ಣನಿಗೆ. ಅವ್ವನವರಿಗೆ ಶೀರ್ಷಾಸನ, ಸರ್ವಾಂಗಾಸನ ಎರಡೂ ಬೇಡ. ಗೋಡೆಗೆ ಕಾಲಿಟ್ಟು ಮಲಗುವುದೇ ಸಾಕು. ಶಿವಾನಂದ ಪದ್ಧತಿಯ ಕ್ಲಾಸಿನಲ್ಲಿ 12 ಮೂಲ ಆಸನಗಳ ಸಾಲು ಶೀರ್ಷಾಸನದಿಂದಲೇ ಶುರುವಾಗುತ್ತದೆ, ಆದ್ದರಿಂದ ಬಿಪಿ ಇದ್ದವರು ಅಲ್ಲಿ ಮೊದಲೇ ತಿಳಿಸಬೇಕು. ತಿಂಗಳ ಮುಟ್ಟಿನ ದಿನಗಳಲ್ಲಿ ತಲೆಕೆಳಗಾದ ಆಸನ ಬಿಡುವುದು ಹಲವು ಪದ್ಧತಿಗಳ ರೂಢಿ.

ಇಡಾ_ಪಿಂಗಳಾ (ಬಾಗಲಕೋಟೆ)

ಫೀ ಕಟ್ಟುವ ಮೊದಲು ಒಂದು ದಿನ ಗೋಡೆ ಪಕ್ಕ ಕೂತು ಕ್ಲಾಸು ನೋಡಿ. ಶಿಕ್ಷಕರು ತಾವೇ ಮುಂದೆ ಆಸನ ಮಾಡುತ್ತಾ ಇದ್ದಾರೋ, ಎದ್ದು ಓಡಾಡಿ ನೋಡುತ್ತಿದ್ದಾರೋ? ಮೊದಲ ದಿನ ನಿಮ್ಮ ಕಾಯಿಲೆ, ಆಪರೇಷನ್, ಗುಳಿಗೆ ಕೇಳಿದರೋ? ಮೈ ಮುಟ್ಟಿ ತಿದ್ದುವ ಮೊದಲು "ಮುಟ್ಟಲಾ?" ಎಂದು ಕೇಳುತ್ತಾರೋ? ಶವಾಸನಕ್ಕೆ ಐದು ನಿಮಿಷವಾದರೂ ಬಿಡುತ್ತಾರೋ, ಹೊತ್ತಾಯಿತೆಂದು ಎಬ್ಬಿಸುತ್ತಾರೋ? ಆಯುಷ್ ಸಚಿವಾಲಯದ ಯೋಗ ಸರ್ಟಿಫಿಕೇಷನ್ ಬೋರ್ಡಿನ ಪ್ರಮಾಣಪತ್ರ ಇದ್ದರೆ ಒಳ್ಳೆಯದು, ಕೇಳಲು ಸಂಕೋಚ ಬೇಡ. ಆದರೆ ಬೆನ್ನಿನ ಮೇಲೆ ಹತ್ತಿ ಒತ್ತುವ ಶಿಕ್ಷಕರ ಹತ್ತಿರ ಯಾವ ಕಾಗದ ಇದ್ದರೂ ಹೋಗಬೇಡಿ.

ಗುಮ್ಮಟದೂರು (ವಿಜಯಪುರ)

ಅವ್ವನಿಗೆ ಪವನಮುಕ್ತಾಸನ ಮಾಡಿಸುವ ಹಗಲು ಬ್ಯಾಚ್, ಅಣ್ಣನಿಗೆ ಸಂಜೆಯ ಅಯ್ಯಂಗಾರ್, ತಂಗಿಗೆ ಮೈಸೂರು ಶೈಲಿ ಎಂದು ಬರೆದಿಟ್ಟುಕೊಂಡೆ. ಕೊನೆಯದು ಒಂದು: ಅಣ್ಣ ಕಾಲೆತ್ತುವ ಪಟ್ಟಿಗೆ ಮಂಚದ ನವಾರ ನಡೆಯುತ್ತದೆಯೇ? ಎಷ್ಟು ಉದ್ದ?

ಕೌದಿ_ಮಡಿಕೆ (ಬೆಳಗಾವಿ)

ಧಾರಾಳವಾಗಿ ನಡೆಯುತ್ತದೆ. ಹತ್ತಿಯದೇ ಆಗಿರಲಿ, ನೈಲಾನು ಅಂಗೈಗೆ ಕೊಯ್ಯುತ್ತದೆ. ಎರಡು ಮೀಟರ್ ಸಾಕು, ಎತ್ತರದವರಾದರೆ ಎರಡೂವರೆ. ತುದಿಗಳನ್ನು ಅರ್ಧ ಇಂಚು ಮಡಿಚಿ ಹೊಲಿಸಿ, ಇಲ್ಲವಾದರೆ ಎಳೆ ಬಿಚ್ಚುತ್ತದೆ. ಬ್ಯಾಗ್ ರಿಪೇರಿ ಅಂಗಡಿಯಲ್ಲಿ ಎರಡು ಕಬ್ಬಿಣದ ಬಳೆ ಸಿಗುತ್ತವೆ. ಒಂದು ತುದಿಗೆ ಅವೆರಡನ್ನೂ ಸೇರಿಸಿ ಹೊಲಿಸಿದರೆ ಕುಣಿಕೆ ಮಾಡಲು ಬರುತ್ತದೆ. ಪಟ್ಟಿಯನ್ನು ಬೆರಳುಗಳ ಬುಡಕ್ಕೆ ಹಾಕಬೇಡಿ, ಮೀನಖಂಡ ಮಾತ್ರ ಎಳೆಯುತ್ತದೆ. ಅಂಗಾಲಿನ ಕಮಾನಿಗೆ ಹಾಕಿ.